ಎಣ್ಣೆಯ ಆಣೆ

ಹೊಸಪೇಟೆ ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಒಗ್ಗರಣೆ ಅಂಗಡಿಯಲ್ಲಿ ತಿಪ್ಪೇಶ ಮಿರ್ಚಿಯನ್ನು ಚಮಚದಿಂದ ತಿನ್ನುತ್ತಿದ್ದ. ಒಂದು ಚಮಚದಿಂದ ಒತ್ತಿ ಹಿಡಿದು, ಇನ್ನೊಂದರಿಂದ ಕತ್ತರಿಸಿ, ತುಂಡು ಜಾರಿ ಮಂಡಕ್ಕಿಯೊಳಗೆ ಹೂತುಹೋದರೆ ಮತ್ತೆ ಹುಡುಕಿ ತೆಗೆದು ಬಾಯಿಗಿಡುತ್ತಿದ್ದ. ಹಂಪಿ ನೋಡಲು ಬರುವ ಫಾರಿನ್ನಿನವರು ಕೂಡ ಎರಡನೆಯ ದಿನಕ್ಕೆ ಮಿರ್ಚಿಯನ್ನು ಕೈಯಲ್ಲಿ ಹಿಡಿಯುವುದನ್ನು ಕಲಿತುಬಿಡುತ್ತಾರೆ. ಮಲಪನಗುಡಿಯಲ್ಲಿ ಹುಟ್ಟಿ ನಲವತ್ತು ವರ್ಷ ಕೈಯಲ್ಲೇ ತಿಂದವನಿಗೆ ಇದೇನು ಬಂತು ಎಂದು ಆಟೋದವರೆಲ್ಲ ಬಾಡಿಗೆ ಕೂಗುವುದನ್ನು ಬಿಟ್ಟು ನೋಡುತ್ತಿದ್ದರು.

"ಕೈಗೇನಾಗೇತಪಾ ತಿಪ್ಪೇಶ?" ಅಂಗಡಿಯ ಕೊಟ್ರಯ್ಯ ಕೇಳಿದ.

"ಕೈಗೇನೂ ಆಗಿಲ್ಲ. ಎಣ್ಣಿ ಮುಟ್ಟಂಗಿಲ್ಲ ಅಂತ ಊರಮ್ಮನ ಭಂಡಾರ ಮುಟ್ಟಿ ಆಣಿ ಮಾಡೀನಿ. ಇವತ್ತಿಗೆ ನಲವತ್ತೊಂದು ದಿನ."

"ಲೇ, ಅದು ಈ ಎಣ್ಣಿ ಅಲ್ಲಲೇ. ಆ ಎಣ್ಣಿ!" ಕೊಟ್ರಯ್ಯ ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ ತೋರಿಸಿದ.

"ನಾ ಹೇಳಿದ್ದು ಎಣ್ಣಿ. ದೇವಿ ಕೇಳಿಸಿಕೊಂಡಿದ್ದೂ ಎಣ್ಣಿ. ಮುಟ್ಟಂಗಿಲ್ಲ ಅಂದೀನಿ, ತಿನ್ನಂಗಿಲ್ಲ ಅಂದಿಲ್ಲ. ಇನ್ನೊಂದು ಪ್ಲೇಟ್ ಕೊಡು."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಪ್ಪೇಶ ನಗಲಿಲ್ಲ. ಅವನಿಗೆ ಇದು ನಗುವ ಸಂಗತಿಯಾಗಿರಲಿಲ್ಲ.

ತಿಪ್ಪೇಶನದು ಅಪ್ಪನ ಕಾಲದ ಬಿಳಿ ಅಂಬಾಸಿಡರ್ ಕಾರು. ಸ್ಟೇಷನ್ನಿನಿಂದ ಹಂಪಿಗೆ, ಹಂಪಿಯಿಂದ ಕಮಲಾಪುರಕ್ಕೆ ಪ್ರವಾಸಿಗರನ್ನು ಹೊತ್ತು ಮನೆ ನಡೆಸುತ್ತಿದ್ದುದು ಅದೇ. ವಯಸ್ಸಾದ ಗಾಡಿ ಎಂದರೆ ವಯಸ್ಸಾದ ಮನುಷ್ಯನಂತೆಯೇ, ಮೈಯೆಲ್ಲ ಕೀಲು ನೋವು. ಹದಿನೈದು ದಿನಕ್ಕೊಮ್ಮೆ ಗ್ರೀಸ್ ಹೊಡೆಯದಿದ್ದರೆ ಸ್ಟೇರಿಂಗು ಮುನಿಸಿಕೊಳ್ಳುತ್ತದೆ, ಬಾಗಿಲು ಕಿರುಚುತ್ತದೆ. ಆ ಕಾರಿನ ನಾಡಿ ಬಲ್ಲವನು ಸಂಡೂರು ರಸ್ತೆಯ ಗ್ಯಾರೇಜಿನ ಪಕೀರಪ್ಪ ಒಬ್ಬನೇ. ಬೇರೆ ಗ್ಯಾರೇಜಿನ ಹುಡುಗರು ಕಾರನ್ನು ಕಂಡ ಕೂಡಲೇ, "ಇದು ನಮ್ಮಪ್ಪನ ಸಿಲೆಬಸ್ಸು ಅಣ್ಣ" ಎಂದು ಕೈಮುಗಿದು ಕಳಿಸುತ್ತಿದ್ದರು.

ತೊಂದರೆ ಏನೆಂದರೆ, ಪಕೀರಪ್ಪನ ಗ್ಯಾರೇಜಿನಲ್ಲಿ ತಗಡಿನ ಮರೆಯ ಈಚೆ ಗ್ರೀಸಿನ ಡಬ್ಬಿ ಇತ್ತು, ಆಚೆ ಬಾಟಲಿಗಳಿದ್ದವು. "ಎಣ್ಣಿ ಹಾಕ್ಸಿಕೊಂಡು ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದ ತಿಪ್ಪೇಶ ಒಂದು ದಿನವೂ ಹೆಂಡತಿಗೆ ಸುಳ್ಳು ಹೇಳಿದವನಲ್ಲ. ಈಚೆ ಕಾರಿಗೆ ಹಾಕಿಸಿ, ಆಚೆ ತಾನು ಹಾಕಿಕೊಳ್ಳುತ್ತಿದ್ದ. ಹದಿನೈದು ದಿನದ ಗ್ರೀಸು ವಾರಕ್ಕೆ ಬಂತು, ವಾರದ್ದು ದಿನಕ್ಕೆ ಬಂತು. ಇಡೀ ಹೊಸಪೇಟೆಯಲ್ಲಿ ಅಷ್ಟು ನುಣುಪಾಗಿ ಓಡುವ ಕಾರು ಇನ್ನೊಂದಿರಲಿಲ್ಲ. ಹಾಗೆ ನುಣುಪಾಗಿ ಓಡುತ್ತಲೇ ಒಂದು ಸಂಜೆ ಅದು ಕಾಲುವೆಯ ಏರಿ ಹತ್ತಿ, ಮುಂದಿನ ಒಂದು ಚಕ್ರವನ್ನು ನೀರಿನ ಮೇಲೆ ತೂಗಿಸಿಕೊಂಡು ನಿಂತಿತು. ಪಕ್ಕದ ಸೀಟಿನಲ್ಲಿ ಎಂಟು ವರ್ಷದ ಮಗಳು ಸ್ನೇಹಾ ಕೂತಿದ್ದಳು.

ಹೆಂಡತಿ ಹೇಮಾವತಿ ಅಳಲಿಲ್ಲ, ಬೈಯಲೂ ಇಲ್ಲ. ಮರುದಿನ ಬೆಳಿಗ್ಗೆ ಗಂಡನನ್ನು ಊರಮ್ಮನ ಗುಡಿಗೆ ಕರೆದುಕೊಂಡು ಹೋಗಿ ಭಂಡಾರದ ತಟ್ಟೆಯ ಮುಂದೆ ನಿಲ್ಲಿಸಿದಳು.

"ಸೆರೆ ಮುಟ್ಟಂಗಿಲ್ಲ ಅಂತ ಆಣಿ ಮಾಡ್ತೀನಿ" ಎಂದ ತಿಪ್ಪೇಶ.

"ಸೆರೆ ಬ್ಯಾಡ. ಇವತ್ತು ಸೆರೆ ಅಂತೀರಿ, ನಾಳೆ ಬೀರು ಸೆರೆ ಅಲ್ಲ ಅಂತೀರಿ. ದಿನಾ ಹೋಗುವಾಗ ಏನಂತಿದ್ರಿ? ಎಣ್ಣಿ ಅಂತಿದ್ರಿ. ಅದನ್ನ ಹೇಳ್ರಿ."

ತಾನು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಗಂಡನನ್ನು ಕಡೆಗೂ ಹಿಡಿದೆ ಎಂದುಕೊಂಡಳು. ತಿಪ್ಪೇಶ ತಟ್ಟೆಯ ಅರಿಶಿನದಲ್ಲಿ ಕೈಯೂರಿ, ಎಣ್ಣಿ ಮುಟ್ಟಂಗಿಲ್ಲ ಎಂದು ಮೂರು ಸಲ ಹೇಳಿದ.

ಮೂರನೆಯ ದಿನ ಕಾರಿನ ಬಾನೆಟ್ ಎತ್ತಿ, ಇಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ನೋಡಲು ಅಳತೆಯ ಕಡ್ಡಿಯನ್ನು ಎಳೆದು ಬೆರಳಿನಿಂದ ಒರೆಸಿದ. ಬಾನೆಟ್ಟಿಗೆ ಆಸರೆ ಕೊಟ್ಟಿದ್ದ ಸರಳು ಜಾರಿ, ಅಷ್ಟೂ ತಗಡು ಬಂದು ಅವನ ಕೈಮೇಲೆ ಬಿತ್ತು. ಕೈ ಬೋಂಡದಂತೆ ಊದಿತು.

"ದೇವಿ ಬಾರಿಸಿದ್ಳು ನೋಡು" ಎಂದಳು ಕಟ್ಟೆಯ ಮೇಲೆ ಕೂತಿದ್ದ ತಾಯಿ ಮುದುಕಮ್ಮ. "ಎಣ್ಣಿ ಮುಟ್ಟಂಗಿಲ್ಲ ಅಂದು ಎಣ್ಣಿಗೇ ಬೆರಳು ಹಾಕಿದಿ."

"ಅತ್ತಿ, ಅದು ಕಾರಿನ ಎಣ್ಣಿ. ಹೋಗ್ಲಿ, ಗ್ರೀಸಾದ್ರೂ ಎಣ್ಣಿ ಅಲ್ಲಲ್ಲ?" ಎಂದಳು ಹೇಮಾವತಿ.

"ಯಾಕ ಅಲ್ಲ? ನಮ್ಮಪ್ಪ ಬಂಡಿ ಅಚ್ಚಿಗೆ ಹಚ್ತಿದ್ನಲ್ಲ, ಅದಕ್ಕೇನಂತಿದ್ರು? ಕೀಲೆಣ್ಣಿ! ಹೆಸರಿನಾಗ ಎಣ್ಣಿ ಐತಿ."

ಈ ತೀರ್ಪಿಗೆ ಮೇಲೆ ಅಪೀಲು ಇರಲಿಲ್ಲ. ಅಂದಿನಿಂದ ತಿಪ್ಪೇಶ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟ, ಎಣ್ಣೆಗಾಯಿಯನ್ನು ಚಮಚದಲ್ಲಿ ತಿಂದ, ಕಾರಿನ ಬಾನೆಟ್ಟನ್ನಂತೂ ಎತ್ತಲೇ ಇಲ್ಲ. ಪಕೀರಪ್ಪನ ಗ್ಯಾರೇಜಿನ ಕಡೆ ತಲೆ ಹಾಕಕೂಡದು ಎಂದು ಹೇಮಾವತಿ ಮೊದಲೇ ಗೆರೆ ಎಳೆದಿದ್ದಳು. ಕಾರು ದಿನದಿಂದ ದಿನಕ್ಕೆ ಒಣಗಿತು. ಅದು ಊರಿಗೆ ಬಂತೆಂದರೆ ಅರ್ಧ ಮೈಲಿಯಿಂದಲೇ ನಾಯಿಗಳು ಉತ್ತರ ಕೊಡುತ್ತಿದ್ದವು.

ಹೇಮಾವತಿಗೆ ಮಾತ್ರ ಗಂಡನ ಭಕ್ತಿಯ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹೆಂಡತಿಯೇ ಬೇಸತ್ತು ಆಣೆ ಬಿಡಿಸಲಿ ಎಂದು ಈ ನಾಟಕ ಹೂಡಿದ್ದಾನೆ ಎಂಬುದು ಅವಳ ಗುಮಾನಿ. ಅವನು ಮನೆಗೆ ಬಂದ ಕೂಡಲೇ ನೀರು ಕೊಡುವ ನೆಪದಲ್ಲಿ ಬಾಯಿಯ ಹತ್ತಿರ ಮೂಗು ತರುತ್ತಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಆ ಮನೆಯಲ್ಲಿ ಎಣ್ಣೆ ಬಿಡಲು ಉಳಿದಿದ್ದ ಜಾಗವೂ ಅದೊಂದೇ.

ಮಿರ್ಚಿ ತಿಂದ ಆ ದಿನ ವಾಪಸು ಬರುವಾಗ ಕಮಲಾಪುರದ ತಿರುವಿನಲ್ಲಿ ಸ್ಟೇರಿಂಗು ತಿರುಗಲೇ ಇಲ್ಲ. ಎದುರಿನಿಂದ ಬರುತ್ತಿದ್ದ ಕಬ್ಬಿನ ಟ್ರಾಕ್ಟರಿಗೂ ಅಂಬಾಸಿಡರಿಗೂ ಒಂದು ಗೇಣು ಉಳಿದಿತ್ತು. ಸುದ್ದಿ ಹೇಮಾವತಿಯ ಕಿವಿಗೆ ಬಿತ್ತು. ಕುಡಿದರೆ ಕಾಲುವೆಗೆ, ಕುಡಿಯದಿದ್ದರೆ ಟ್ರಾಕ್ಟರಿನ ಕೆಳಗೆ! ಗುರುವಾರ ಬೇರೆ ಒಂದು ಕುಟುಂಬವನ್ನು ಸಂಡೂರಿಗೆ ಕರೆದೊಯ್ಯಬೇಕಿತ್ತು. ಆ ಘಾಟಿನಲ್ಲಿ ಈ ಸ್ಟೇರಿಂಗು! ಅವಳು ಪೂಜಾರಿ ಎರ್ರಿಯಪ್ಪನ ಮನೆಗೆ ಓಡಿದಳು.

"ಆಣಿ ಅಂದ್ರ ಗಂಟಿದ್ದಂಗ ತಂಗಿ" ಎಂದ ಎರ್ರಿಯಪ್ಪ ಎಲೆ ಅಡಿಕೆ ಜಗಿಯುತ್ತ. "ಕಟ್ಟಾಕ ಬಂದಮ್ಯಾಲೆ ಬಿಚ್ಚಾಕೂ ಬರ್ತತಿ. ಮಂಗಳವಾರ ಕರ್ಕೊಂಡು ಬಾ. ಹಳೇದು ಬಿಡ್ಸಿ, ಸರಿಯಾದ ಮಾತು ಹಾಕಿ ಹೊಸದು ಮಾಡೋಣು."

ಈ ಸಲ ಹೇಮಾವತಿ ಮೋಸ ಹೋಗಲು ತಯಾರಿರಲಿಲ್ಲ. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು, ಸೆರೆ, ಬೀರು, ಬ್ರಾಂದಿ, ವಿಸ್ಕಿ, ರಮ್ಮು, ಹೆಂಡ ಎಂದು ಬರೆದು, ಕೊನೆಗೆ 'ಮತ್ತು ಇನ್ನು ಮುಂದೆ ಯಾರಾದರೂ ಕಂಡುಹಿಡಿಯುವಂಥವು' ಎಂದೂ ಸೇರಿಸಿದಳು. ಯಾವ ವಕೀಲನೂ ಅದರಲ್ಲಿ ತೂತು ಹುಡುಕಲಾರ.

ಮಂಗಳವಾರ ಗುಡಿಯಲ್ಲಿ ಎರ್ರಿಯಪ್ಪ ಭಂಡಾರದ ತಟ್ಟೆ ತಂದಿಟ್ಟ. "ಹಳೇ ಆಣಿ ಬಿಟ್ಟೆ ಅಂತ ಮೂರು ಸಲ ಅನ್ನಪಾ. ಆಮ್ಯಾಲೆ ಹೋಗಿ ಒಂದು ಹೊಸ ಕಾಯಿ ತಗೊಂಡು ಬಾ. ಮೊದಲೇ ತಂದಿಟ್ಟ ಕಾಯಿ ನಡಿಯಂಗಿಲ್ಲ. ಅದನ್ನ ಒಡೆದು ಹೊಸ ಆಣಿ ಮಾಡೋಣು."

ತಿಪ್ಪೇಶ ಕೈ ಮುಂದೆ ಚಾಚಿದ. ಕೈ ತಟ್ಟೆಯ ಮೇಲೆ ಬಂದು ಹಾಗೆಯೇ ನಿಂತಿತು.

"ಕಾಯಿ ಎಲ್ಲಿ ಸಿಗ್ತಾವು?"

"ರಸ್ತಿ ದಾಟಿದ್ರ ಅಂಗಡಿ ಐತಲ್ಲ."

"ವೈನ್ ಶಾಪಿನ ಮಗ್ಗಲ ಅಂಗಡಿ?"

"ಹೂಂ, ಅದ."

ತಿಪ್ಪೇಶ ಕೈ ಹಿಂದಕ್ಕೆ ತೆಗೆದುಕೊಂಡ. "ನಂಗ ಬ್ಯಾಡ."

"ಕಾಯಿ ನಾ ತರ್ತೀನ್ರಿ, ನೀವು ಇಲ್ಲೇ ಕುಂದ್ರಿ" ಎಂದಳು ಹೇಮಾವತಿ.

"ನೀ ಹೋಗಿ ಬರೋತನ ನಾ ಆಣಿ ಇಲ್ಲದ ಮನಿಷಾ ಆಗಿ ಕುಂದ್ರಬೇಕಲ್ಲ ಹೇಮಾ. ಐದು ನಿಮಿಷ ಇರಬಹುದು. ಆ ಐದು ನಿಮಿಷದಾಗ ನಾ ಏನು ಮಾಡ್ತೀನಂತ ನಂಗ ಗೊತ್ತಿಲ್ಲ. ನಂಗ ನನ್ನ ಮ್ಯಾಲೆ ನಂಬಿಕಿ ಇಲ್ಲ. ಮಿರ್ಚಿ ಚಮಚದಾಗ ತಿಂದ್ರ ಮಂದಿ ನಗ್ತಾರ, ನಗ್ಲಿ. ಚಮಚ ಹಿಡಿದಾಗೆಲ್ಲ ಸ್ನೇಹಾ ಕಾಲುವಿ ಮ್ಯಾಲೆ ಕುಂತಿದ್ದು ನೆನಪಾಗ್ತತಿ. ಇದರಾಗ ಒಂದು ಮಾತು ಸಡ್ಲ ಬಿಟ್ರ ನಾ ಪೂರಾ ಸಡ್ಲ ಆಗ್ತೀನಿ. ಬಿಚ್ಚಬ್ಯಾಡ್ರಿ."

ನಲವತ್ತೈದು ದಿನ ತಾನು ಮೂಗು ಒಡ್ಡಿಕೊಂಡು ಕಾದದ್ದು ನೆನೆದು ಹೇಮಾವತಿಗೆ ನಾಚಿಕೆಯಾಯಿತು. ಕಣ್ಣು ತುಂಬಿ ಬಂದವು. ಕೈಯಲ್ಲಿದ್ದ ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಹಂಗಾದ್ರ ಕಾರಿಗೇನು ಮಾಡ್ತೀರಿ?" ಎಂದ ಪೂಜಾರಿ.

ಹೇಮಾವತಿ ಗಂಡನನ್ನು ಮನೆಗೆ ಕಳಿಸಿ, ಬಸ್ಸು ಹತ್ತಿ ಪಕೀರಪ್ಪನ ಗ್ಯಾರೇಜಿಗೆ ಹೋದಳು. ಅವಳನ್ನು ಕಂಡ ಪಕೀರಪ್ಪ ತಗಡಿನ ಮರೆಗೆ ಅಡ್ಡ ನಿಂತ.

"ಗ್ರೀಸ್ ಹೊಡಿಯೋ ಗನ್ನು ಕೊಡಣ್ಣ. ಒಂದು ಡಬ್ಬಿ ಗ್ರೀಸೂ ಕೊಡು."

"ನಿಂಗ್ಯಾಕ ತಂಗಿ? ನಾನ ಮನಿಗೆ ಬಂದು ಹೊಡದು ಕೊಡ್ತೀನಿ."

"ನೀ ಬರದಿದ್ರ ಸಾಕು, ಪುಣ್ಯಾ ಬರ್ತತಿ ನಿಂಗ."

ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೇಮಾವತಿ ಅಂಬಾಸಿಡರಿನ ಕೆಳಗೆ ನುಸುಳಿದಳು. ತಿಪ್ಪೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಬಗ್ಗಿ ನೋಡಿದ.

"ಎಡಕ್ಕ. ಚಕ್ರದ ಹಿಂದ ಸಣ್ಣ ಮೊಳಿ ತಲಿಯಂಥದ್ದು ಐತಿ, ಕಾಣ್ತೇನು? ಮೊದಲು ಬಟ್ಟಿಲೆ ಒರಸು. ಮಣ್ಣು ಒಳಗ ಹೋದ್ರ ಹೊಡೆದೂ ದಂಡ."

"ಒರಸಿದೆ."

"ಈಗ ಗನ್ನಿನ ಬಾಯಿ ಅದಕ್ಕ ಕಚ್ಚಿಸಿ ಒತ್ತು. ಹಳೇ ಕರಿ ಗ್ರೀಸು ಹೊರಗ ಬಂದು ಹೊಸದು ಕಾಣೋತನ ಒತ್ತು."

"ಬರವಲ್ಲದು."

"ಬರ್ತತಿ. ಭಾಳ ದಿನದ್ದು ಗಟ್ಟಿ ಆಗೇತಿ. ಇನ್ನೊಂದು ಸಲ ಒತ್ತು."

ಕೆಳಗಿನಿಂದ ಉಸಿರು ಬಿಗಿಹಿಡಿದ ಸದ್ದು ಬಂತು. ಆಮೇಲೆ, "ಬಂತು! ಬಂತ್ರಿ! ಥೂ, ಮುಖದ ಮ್ಯಾಲೆ ಬಂತು!"

ಕಟ್ಟೆಯ ಮೇಲಿದ್ದ ಮುದುಕಮ್ಮ ಬೊಚ್ಚು ಬಾಯಿ ತೆರೆದು ನಕ್ಕಳು. "ನಮ್ಮವ್ವ ಬಂಡಿ ತೊಳದಿದ್ಳು, ಅಚ್ಚಿಗೆ ಕೈ ಹಾಕಿದ್ದಿಲ್ಲ. ನೀ ಗಟ್ಟಿಗಿತ್ತಿ ಬಿಡು."

"ಇಂಥವು ಎಷ್ಟದಾವ್ರಿ?" ಹೇಮಾವತಿ ಕೆಳಗಿನಿಂದಲೇ ಕೇಳಿದಳು.

"ಮುಂದ ಒಂದು ಹತ್ತು ಹನ್ನೆರಡು. ಹಿಂದ ಬ್ಯಾರೆ ಅದಾವು."

"ಹದಿನೈದು ದಿನಕ್ಕೊಮ್ಮೆ?"

"ಹದಿನೈದು ದಿನಕ್ಕೊಮ್ಮೆ."

ಗನ್ನಿನ ಹಿಡಿಕೆಯ ಸದ್ದು ನಿಂತಿತು.

"ಎಲ್ಲೀತನ?"

ತಿಪ್ಪೇಶ ಬಗ್ಗಿದವನು ತಲೆ ತಗ್ಗಿಸಿದ. "ಆಣಿ ಇರೋತನ" ಎಂದ, ಮೆಲ್ಲಗೆ.

ಗನ್ನಿನ ಹಿಡಿಕೆ ಕಟಕಟ ಎನ್ನುವುದು ಮತ್ತೆ ಶುರುವಾಯಿತು. ಒಂದಾದ ಮೇಲೆ ಒಂದು ಎಲ್ಲ ಕೀಲುಗಳಿಗೂ ಹೊಡೆದು, ತಾಸು ಹೊತ್ತಿನ ಮೇಲೆ ಅವಳು ಗೋಣಿಚೀಲದ ಮೇಲೆ ತೆವಳುತ್ತ ಹೊರಗೆ ಬಂದಳು. ಕೆನ್ನೆ, ಮೂಗು, ಮುಂಗೈಯ ಬಳೆ ಎಲ್ಲ ಕಪ್ಪಾಗಿದ್ದವು. ಸೊಂಟ ಹಿಡಿದಿತ್ತು. ಎಬ್ಬಿಸಲಿ ಎಂದು ಗಂಡನ ಕಡೆ ಕೈ ಚಾಚಿದಳು.

ತಿಪ್ಪೇಶ ಹಿಡಿಯಲು ಹೋದವನು ತಡೆದು ನಿಂತ.

ಹೇಮಾವತಿ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ತೋಳನ್ನು ಮಡಚಿ, ಗ್ರೀಸು ತಾಗದ ಮೊಣಕೈಯನ್ನು ಅವನ ಮುಂದೆ ಹಿಡಿದಳು. ಅವನು ಅದನ್ನು ಎರಡೂ ಕೈಗಳಿಂದ ಹಿಡಿದು, ಮೆಲ್ಲಗೆ ಎಳೆದು ನಿಲ್ಲಿಸಿದ.