ನಾಲ್ಕು ಮೊಳೆಗಳ ಉಜ್ವಲ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನನ್ನು ದಾರದಿಂದ ಕಟ್ಟಿದರು. ಅದೇ ನನ್ನ ಹುಟ್ಟು. ವರ್ಷ ೧೯೬೮. ಸ್ಥಳ, ಗದಗಿನ ಒಂದು ಸಂಜೆಪತ್ರಿಕೆಯ ಅಚ್ಚುಕೂಟ.

ನಾನು ಒಂದು ಪದ. ಸೀಸ, ತವರ ಮತ್ತು ಆಂಟಿಮನಿ ಬೆರೆಸಿ ಎರಕ ಹೊಯ್ದ ನಾಲ್ಕು ಅಚ್ಚುಮೊಳೆಗಳು ಸೇರಿ ನಾನಾದೆ: ಉ, ಜ, ಅದರ ಕೆಳಗಿನ ವ ಒತ್ತು, ಲ. ಬೇರೆ ಪದಗಳನ್ನು ಅಚ್ಚಾದ ಮೇಲೆ ಬಿಡಿಸಿ ಮೊಳೆಗಳನ್ನು ಅವುಗಳ ಮನೆಗೆ ಹಾಕುತ್ತಿದ್ದರು. ನನ್ನನ್ನು ಬಿಡಿಸಲಿಲ್ಲ. ದಿನಕ್ಕೊಮ್ಮೆಯಾದರೂ ಬೇಕಾಗುವ ಪದವನ್ನು ಮತ್ತೆ ಮತ್ತೆ ಜೋಡಿಸುವುದು ವ್ಯರ್ಥ ಎಂದು ಮೊಳೆ ಜೋಡಿಸುವ ದಾವಲಸಾಬ ನದಾಫ ಲೆಕ್ಕ ಹಾಕಿದ್ದ.

ಅಂಥ ಪದಗಳಿಗಾಗಿ ಅವನ ಎಡಗೈ ಬಳಿ ಒಂದು ತಟ್ಟೆ ಇತ್ತು. ಎಡದಿಂದ ಅಪ್ರತಿಮ, ಅಮೋಘ, ನಂತರ ನಾನು. ನನ್ನ ಬಲಕ್ಕೆ ದಿವಂಗತ, ಅದರಾಚೆ ಹೃತ್ಪೂರ್ವಕ. ಒಂದನ್ನು ತೆಗೆದರೆ ಉಳಿದವು ಬೀಳದಂತೆ ಅವನು ಬೆರಳಿನಿಂದ ಸಾಲನ್ನು ಎಡಕ್ಕೆ ಒತ್ತುತ್ತಿದ್ದ. ವಾಪಸು ಇಡುವಾಗ ಮತ್ತೆ ಸರಿಸುತ್ತಿದ್ದ. ತಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಎಡದಿಂದ ಮೂರನೆಯದು ಉಜ್ವಲ ಎಂದು ಅವನ ಕೈಗೆ ಗೊತ್ತಿತ್ತು.

ಸಂಪಾದಕ ವಾಮನರಾವ್ ಸವಡಿ ನಮ್ಮ ವಿಷಯದಲ್ಲಿ ಕಟ್ಟುನಿಟ್ಟು. ಹೊಸ ವರದಿಗಾರರು ಬಂದರೆ ತಟ್ಟೆಯ ಮುಂದೆ ನಿಲ್ಲಿಸಿ ಹೇಳುತ್ತಿದ್ದರು: "ಅಪ್ರತಿಮ ಧೈರ್ಯಕ್ಕ ಹಾಕ್ರಿ. ಅಮೋಘ ಆಟಕ್ಕ, ಹಾಡಿಕಿಗೆ. ಉಜ್ವಲ ಅಂದ್ರ ಬೆಳಕು ಕೊಡೂದು. ಹತ್ತಿಪ್ಪತ್ತು ವರ್ಷ ಉರದಿರಬೇಕು. ಅದ್ವಿತೀಯ ಅನ್ನೂದನ್ನ ನಾ ಜೋಡಿಸೇ ಇಟ್ಟಿಲ್ಲ. ವರ್ಷದಾಗ ಎರಡನೇ ಸಲ ಹಾಕಿದ್ರ ಮೊದಲನೇದು ಸುಳ್ಳಾಗ್ತದ."

ಆಮೇಲೆ ನಿಯಮ: "ಇವೆಲ್ಲ ಮಂದಿ ಕೊಟ್ಟ ಜಾಹೀರಾತಿಗೆ. ನಮ್ಮ ಸುದ್ದ್ಯಾಗ ಒಂದೂ ಬರಬಾರದು."

ಹಾಗಾಗಿ ನಾನು ಹೋದದ್ದೆಲ್ಲ ಜಾಹೀರಾತಿಗೆ. ಪೇಡೆ ಅಂಗಡಿಯ ಉಜ್ವಲ ಪರಂಪರೆ. ಟ್ಯುಟೋರಿಯಲ್ಲಿನ ಉಜ್ವಲ ಭವಿಷ್ಯ. ಒಂದು ಬೀಡಿಯ ಉಜ್ವಲ ರುಚಿ. ಅಂದು ವಾಮನರಾಯರು ಊಟ ಬಿಟ್ಟರು. ಹನ್ನೆರಡು ವರ್ಷದಲ್ಲಿ ನನ್ನ ಮುಖ ಸವೆಯಿತು. ಲ ಅಕ್ಷರದ ಹೊಟ್ಟೆಯಲ್ಲಿ ಮಸಿ ಗಟ್ಟಿಯಾಗಿ, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾರ ಹೆಸರಿನ ಮುಂದೆ ನಿಂತೆ ಎಂದು ನೋಡುವುದನ್ನೂ ನಾನು ಬಿಟ್ಟಿದ್ದೆ.

೧೯೮೦ರ ನವೆಂಬರಿನ ಒಂದು ಬೆಳಿಗ್ಗೆ ಐದು ಸಾಲಿನ ಸುದ್ದಿ ಬಂತು. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿದ ಸೂಲಗಿತ್ತಿ ಫಕೀರವ್ವ ಬಾರಕೇರ ತೀರಿಕೊಂಡಿದ್ದರು. ವಯಸ್ಸು ಎಪ್ಪತ್ತೊಂದು.

ದಾವಲಸಾಬ ಕೈಬರಹವನ್ನು ಎರಡು ಸಲ ಓದಿದ. ಹದಿನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಹುಸೇನಬಿ ಎರಡು ದಿನ ನೋವು ತಿಂದಿದ್ದಳು. ಕೂಸು ಅಡ್ಡ ನಿಂತಿತ್ತು. ಫಕೀರವ್ವ ಆ ಎರಡೂ ದಿನ ಮನೆಗೆ ಹೋಗದೆ ಪಕ್ಕದಲ್ಲೇ ಕೂತು, ಹೊಟ್ಟೆ ಸವರಿ ಕೂಸನ್ನು ತಿರುಗಿಸಿ, ತಾಯಿ ಮಗಳಿಬ್ಬರನ್ನೂ ಉಳಿಸಿದ್ದರು. ಇದನ್ನು ಅವನು ಮಷಿನ್ ಓಡಿಸುವ ತಿಪ್ಪಣ್ಣನಿಗೆ ಎಷ್ಟು ಸಲ ಹೇಳಿದ್ದನೆಂದರೆ ನನಗೂ ಬಾಯಿಪಾಠ.

ಅವನು ವಾಮನರಾಯರ ಕೋಣೆಗೆ ಹೋದ.

"ರಾಯರ, ಫಕೀರವ್ವನ ಸುದ್ದಿಗೆ ಒಂದು ಉಜ್ವಲ ಹಾಕಲೇನ್ರೀ? ಸೇವೆ ಅನ್ನೂದರ ಮುಂದ?"

"ಅದು ಸುದ್ದಿ, ದಾವಲ್. ಜಾಹೀರಾತಲ್ಲ."

"ಬೀಡಿಗೆ ಹಾಕೀವಲ್ರೀ."

"ಅದಕ್ಕss ಬ್ಯಾಡ ಅನ್ನಾಕತ್ತೀನಿ."

ಅವನು ತನ್ನ ಜಾಗಕ್ಕೆ ಮರಳಿದ. ಒಂದೂವರೆಗೆ ರಾಯರು ಕರಡು ನೋಡಿ ಸಹಿ ಹಾಕಿದರು. ಒಂದು ಗಂಟೆ ನಲವತ್ತು ನಿಮಿಷಕ್ಕೆ ದಾವಲಸಾಬ ನನ್ನನ್ನು ತಟ್ಟೆಯಿಂದ ಎತ್ತಿ, ಸಾಲನ್ನು ಎಡಕ್ಕೆ ಒತ್ತಿ, ನಾಲ್ಕನೆಯ ಪುಟದಲ್ಲಿ 'ಸೇವೆ' ಎಂಬುದರ ಮುಂದೆ ಇಟ್ಟ. ಕೊನೆಯ ಸಾಲಿನಲ್ಲಿ ಜಾಗವಿತ್ತು.

ಅಷ್ಟರಲ್ಲಿ ಕೋಣೆಯಿಂದ ರಾಯರ ದನಿ: "ದಾವಲ್, ಹಂಚಿನಾಳ ಅವರ ಮಂದಿ ಫೋನ್ ಮಾಡ್ಯಾರ. ನಾಯಕ ಅನ್ನೂದರ ಮುಂದ ಉಜ್ವಲ ಬೇಕಂತ. ಲಗೂ ಹಾಕು!"

ವೀರಬಸಪ್ಪ ಹಂಚಿನಾಳ ಹತ್ತಿ ವ್ಯಾಪಾರಿ. ಮುಂದಿನ ಚುನಾವಣೆಗೆ ನಿಲ್ಲುವವರಿದ್ದರು. ಅಂದು ಅವರ ಐವತ್ತೈದನೆಯ ಹುಟ್ಟುಹಬ್ಬ. ಮೊದಲ ಪುಟದಲ್ಲಿ ಅರ್ಧ ಪುಟದ ಜಾಹೀರಾತು.

ನಾನು ಇದ್ದದ್ದು ಒಬ್ಬನೇ. ಎರಡು ಕಡೆ ಇರಲಾರೆ. ದಾವಲಸಾಬ ಅದನ್ನು ಯೋಚಿಸಲಿಲ್ಲ. ರಾಯರು ಹೊರಬಂದು ನಾಲ್ಕನೆಯ ಪುಟ ನೋಡಿಬಿಟ್ಟಾರೆಂದು ಅವನ ಕಣ್ಣು ಬಾಗಿಲ ಮೇಲಿತ್ತು. ಕೈ ತಾನಾಗಿ ತಟ್ಟೆಗೆ ಹೋಯಿತು. ಎಡದಿಂದ ಮೂರನೆಯದನ್ನು ಎತ್ತಿತು.

ಎರಡು ಗಂಟೆಗೆ ಮಷಿನ್ ಓಡಿತು. ಮೂರೂವರೆಗೆ ಪತ್ರಿಕೆ ಬಸ್ ನಿಲ್ದಾಣದಲ್ಲಿತ್ತು. ಮೊದಲ ಪುಟ ಹೀಗಿತ್ತು: 'ನಮ್ಮ ದಿವಂಗತ ನಾಯಕ ಶ್ರೀ ವೀರಬಸಪ್ಪ ಹಂಚಿನಾಳ ಅವರಿಗೆ ಹುಟ್ಟುಹಬ್ಬದ ಹೃತ್ಪೂರ್ವಕ ಶುಭಾಶಯಗಳು. ಅವರು ನೂರ್ಕಾಲ ಬಾಳಲಿ.'

ನಾಲ್ಕೂಕಾಲು ಗಂಟೆಗೆ ಹತ್ತು ಹನ್ನೆರಡು ಮಂದಿ ಬಂದರು. ಮುಂದೆ ಇದ್ದವರು ನಾಯಕರ ಅಳಿಯ ಶಿವಲಿಂಗಪ್ಪ.

"ಮಾವನೋರ ಮನಿಗೆ ಆಗಲೇ ಇಬ್ಬರು ಹಾರ ಹಿಡಕೊಂಡು ಬಂದಾರ್ರೀ! ಯಾವ ಹಾರ ಅಂತ ನಾವು ಕೇಳಬೇಕೇನು?"

ಹಿಂದಿನಿಂದ ಯಾರೋ ನಕ್ಕರು. ಶಿವಲಿಂಗಪ್ಪನವರು ತಿರುಗಿ ನೋಡಿದ ಮೇಲೆ ಸುಮ್ಮನಾದರು.

"ಇದನ್ನ ಮಾಡಿದಂವನ್ನ ಇವತ್ತss ಮನಿಗೆ ಕಳಸ್ರಿ," ಎಂದರು ಶಿವಲಿಂಗಪ್ಪ.

ವಾಮನರಾಯರು ಪತ್ರಿಕೆಯನ್ನು ಮೊದಲಿನಿಂದ ಓದತೊಡಗಿದರು. ನಾಲ್ಕನೆಯ ಪುಟಕ್ಕೆ ಬಂದು ನಿಂತರು. ದಾವಲಸಾಬನನ್ನು ನೋಡಿದರು. ಅವನು ತಲೆ ತಗ್ಗಿಸಿದ.

ಶಿವಲಿಂಗಪ್ಪನವರೂ ಬಗ್ಗಿ ಓದಿದರು. "ಅಂದ್ರ ನಮ್ಮ ಪದ ತಗದು ಸೂಲಗಿತ್ತಿಗೆ ಹಾಕೀರಿ! ನಾಳೆ ಎರಡೂ ತಪ್ಪು ಅಂತ ಅಚ್ಚು ಹಾಕ್ರಿ. ಮಾವನೋರದೂ, ಆಕೀದೂ."

"ತಪ್ಪು ಇದ್ದದ್ದನ್ನ ತಿದ್ದತೀವಿ," ಎಂದರು ರಾಯರು. "ಅದನ್ನ ಜೋಡಿಸಾಕ ದಾವಲ್ ಬೇಕು. ಅವನನ್ನ ಕಳಸಾಕ ಆಗೂದಿಲ್ಲ."

ಅವರೆಲ್ಲ ಹೋದ ಮೇಲೆ ರಾಯರು ಅವನನ್ನು ಕರೆದು ಬೈದರು. ಸಣ್ಣ ದನಿಯಲ್ಲಿ, ಬಹಳ ಹೊತ್ತು.

ಮುಂದೆ ಹನ್ನೊಂದು ವರ್ಷ ದಾವಲಸಾಬ ಅಲ್ಲೇ ಕೆಲಸ ಮಾಡಿದ. ನಾನೂ ಮಾಡಿದೆ. ೧೯೯೧ರಲ್ಲಿ ಆಫ್‌ಸೆಟ್ ಬಂತು. ಮೊಳೆಗಳನ್ನೆಲ್ಲ ಗೋಣಿಚೀಲಕ್ಕೆ ಸುರಿದು ಕರಗಿಸಲು ಕಳಿಸಿದರು. ಅಪ್ರತಿಮ, ಅಮೋಘ, ದಿವಂಗತ ಎಲ್ಲ ಒಂದೇ ಚೀಲದಲ್ಲಿ ಹೋದವು. ದಾವಲಸಾಬ ನನ್ನನ್ನು ಕೇಳಿ ಪಡೆದ.

ಈಗ ಅವನ ಮನೆಯ ಗೋಡೆಯ ಮಾಡದಲ್ಲಿ ಒಂದು ತಗಡಿನ ಡಬ್ಬಿಯೊಳಗಿದ್ದೇನೆ. ದಾರ ಸಡಿಲಾಗಿದೆ. ಸಾವಿರಾರು ಸಲ ಅಚ್ಚಾದೆ. ಸುಳ್ಳು ಹೇಳಿ ದಣಿದವರಿಗೆ ನಿದ್ದೆ ಬರುವುದಿಲ್ಲವೆನ್ನುತ್ತಾರೆ. ನನಗೆ ಬರುತ್ತದೆ, ಒಂದು ಸಲದ ಕಾರಣಕ್ಕೆ.

ಡಬ್ಬಿಯಲ್ಲಿ ನನ್ನ ಜೊತೆ ಪತ್ರಿಕೆಯ ಒಂದು ತುಣುಕಿದೆ. ಅದು ಫಕೀರವ್ವನ ಸುದ್ದಿಯಲ್ಲ. ಅದರ ಮರುದಿನ ಮೊದಲ ಪುಟದಲ್ಲಿ ಬಂದ ತಿದ್ದುಪಡಿ. ವಾಮನರಾಯರು ಬರೆದದ್ದು, ದಾವಲಸಾಬ ಜೋಡಿಸಿದ್ದು:

'ನಿನ್ನೆಯ ಸಂಚಿಕೆಯ ಜಾಹೀರಾತಿನಲ್ಲಿ ಶ್ರೀ ವೀರಬಸಪ್ಪ ಹಂಚಿನಾಳ ಅವರನ್ನು ದಿವಂಗತ ಎಂದು ಅಚ್ಚು ಮಾಡಲಾಗಿತ್ತು. ಅವರು ಆರೋಗ್ಯವಾಗಿದ್ದಾರೆ. ವಿಷಾದಿಸುತ್ತೇವೆ. ನಿನ್ನೆಯ ಸಂಚಿಕೆಯಲ್ಲಿ ಬೇರೆ ತಪ್ಪಿಲ್ಲ.'