ಖಮರ್ ಟೀಚರ್ ಮಾಫ್ ಮಾಡಲಿಲ್ಲ

ಸಮಸ್ತ ನಿವಾಸಿಗಳಿಗೆ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಅನ್ನಪೂರ್ಣೇಶ್ವರಿ ನಗರದ ನಮ್ಮ ಬಡಾವಣೆ ಸಂಘವು ದೀರ್ಘ ಸಮಾಲೋಚನೆ, ಒಂದು ಸಣ್ಣ ಜಗಳ ಹಾಗೂ ಎರಡು ಸುತ್ತು ಕಾಫಿಯ ನಂತರ, ಸಂಘದ ಭವನದ ಹೊಸದಾಗಿ ಸುಣ್ಣ ಕಂಡ ಗೋಡೆಗೆ ಇನ್ನು ಮುಂದೆ ಯಾರೂ ಒದ್ದೆ ಛತ್ರಿ ಒರಗಿಸತಕ್ಕದ್ದಲ್ಲವೆಂದು ಸರ್ವಾನುಮತದಿಂದ ನಿರ್ಣಯಿಸಿದೆ.

ವಾಟ್ಸಾಪಿನಲ್ಲಿ ಬಂದ ಈ ರಾಜಾಜ್ಞೆಯ ಬಾಲಕ್ಕೆ ಇನ್ನೊಂದು ಸಾಲು ಅಂಟಿಕೊಂಡಿತ್ತು. ಬರುವ ಭಾನುವಾರ ಸಂಜೆ ‘ಮುಸ್ಲಿಂ ಸಮಾಜದಲ್ಲಿ ಮಹಿಳೆಗೆ ನ್ಯಾಯ ಸಿಕ್ಕಿದೆಯೇ?’ ಎಂಬ ಬಹಿರಂಗ ಚರ್ಚೆ. ಮಾತಾಡುವವರು ಅಧ್ಯಕ್ಷ ಗೋಪೀನಾಥ, ಕಾರ್ಯದರ್ಶಿ ಕೆಂಪಯ್ಯ, ಖಜಾಂಚಿ ಬಸಪ್ಪ. ಮೂವರಲ್ಲಿ ಒಬ್ಬರೂ ಮುಸ್ಲಿಮರಲ್ಲ, ಒಬ್ಬರೂ ಮಹಿಳೆಯಲ್ಲ. ನ್ಯಾಯದ ವಿಷಯದಲ್ಲಿ ಇಷ್ಟು ನಿಷ್ಪಕ್ಷಪಾತ ಇನ್ನೆಲ್ಲಿ ಸಿಕ್ಕೀತು!

ಅತ್ತಿಗುಪ್ಪೆಯ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಇದನ್ನು ಓದಿದ ಖಮರುನ್ನಿಸಾಗೆ ನಗುವೂ ಬಂತು, ಮೈಯೂ ಉರಿಯಿತು. ಎಂಟನೇ ಕ್ಲಾಸಿಗೆ ಗಣಿತ ಹೇಳುವ ಈಕೆ ಬಡಾವಣೆಗೆಲ್ಲ ಖಮರ್ ಟೀಚರ್. ಬಡಾವಣೆಗಿದ್ದ ಒಬ್ಬಳೇ ಮುಸ್ಲಿಂ ಹೆಂಗಸೂ ಅವಳೇ. ಅಂದ ಮೇಲೆ ಗೋಪೀನಾಥ ಸಂಜೆಯೇ ಬಾಗಿಲು ತಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬರುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಪಾಲಿಕೆ ಚುನಾವಣೆಗೆ ಆತ ಆಗಲೇ ಜುಬ್ಬಾ ಹೊಲಿಸಿಟ್ಟುಕೊಂಡಿದ್ದ ಮನುಷ್ಯ.

“ಮೇಡಂ, ನೀವು ಸ್ಟೇಜ್ ಮೇಲೆ ಬಂದು ಕೂತ್ಕೊಳ್ಳಿ, ಅಷ್ಟೇ ಸಾಕು.”

“ಕೂತ್ಕೊಂಡು ಏನ್ ಮಾಡ್ಲಿ ಸಾರ್?”

“ಏನೂ ಬೇಡ. ನಿಮ್ಮ ಕಷ್ಟ ನಾವೇ ಹೇಳ್ತೀವಿ. ಮಧ್ಯೆ ಮಧ್ಯೆ ತಲೆ ಆಡಿಸಿ. ಕಣ್ಣಲ್ಲಿ ಸ್ವಲ್ಪ ನೀರು ಬಂದ್ರೆ ಇನ್ನೂ ಚೆನ್ನ. ಲೋಕಲ್ ಚಾನೆಲ್‌ನೋರು ಬರ್ತಾ ಇದಾರೆ.”

“ನನ್ನ ಕಷ್ಟ ಏನು ಅಂತ ನಿಮಗೆ ಗೊತ್ತಾ?”

“ಗೊತ್ತಿಲ್ದೆ ಏನ್ ಮೇಡಂ! ತಲಾಖು, ಬುರ್ಖಾ, ನಾಲ್ಕು ಮದುವೆ.”

“ನಮ್ಮ ಯಜಮಾನರು, ಪಾಪ, ಇರೋ ತನಕ ಒಂದು ಮದುವೆಗೇ ಸುಸ್ತಾಗಿದ್ರು ಸಾರ್.”

ಗೋಪೀನಾಥ ನಗಬೇಕೋ ಸಂತಾಪ ಸೂಚಿಸಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ.

ಖಮರ್‌ಗೆ ಕಷ್ಟವಿರಲಿಲ್ಲವೆಂದಲ್ಲ. ಆದರೆ ಅದು ಗೋಪೀನಾಥನ ಪಟ್ಟಿಯಲ್ಲಿ ಇರಲಿಲ್ಲ. ಹೋದ ವರ್ಷ ಅವಳ ಅಪ್ಪ ತೀರಿಕೊಂಡರು. ಮೂಡಲಪಾಳ್ಯದಲ್ಲಿ ಮನೆ, ಮನೆಯ ಮುಂದೆ ಮರದ ಡಿಪೋ. ನಲವತ್ತನೇ ದಿನದ ಫಾತೆಹಾ ಮುಗಿದು, ಬಂದವರೆಲ್ಲ ಬಿರಿಯಾನಿ ಉಂಡು ಕೈ ತೊಳೆಯುತ್ತಿದ್ದಾಗ ತಮ್ಮ ಜಿಯಾವುಲ್ಲಾ ಅಕ್ಕಂದಿರಿಬ್ಬರನ್ನೂ ಒಳಕೋಣೆಗೆ ಕರೆದ. “ನಿಮ್ಮ ಪಾಲು ಮಾಫ್ ಮಾಡ್ಬಿಡಿ” ಅಂದ. ಹೆಣ್ಣುಮಕ್ಕಳು ಪಾಲನ್ನು ಮಾಫ್ ಮಾಡುವುದು, ಅಂದರೆ ತಮಗೆ ಬರಬೇಕಾದ್ದನ್ನು ಅಣ್ಣತಮ್ಮಂದಿರಿಗೆ ಮನ್ನಿಸಿ ಬಿಡುವುದು, ಆ ಮನೆಗಳಲ್ಲಿ ನಡೆದು ಬಂದದ್ದು. ತಪ್ಪು ಮಾಡುವವನು ಅವನು, ಮನ್ನಿಸಬೇಕಾದವಳು ಅವಳು, ಅದೂ ತಪ್ಪು ನಡೆಯುವ ಮೊದಲೇ. ಮಾಫಿ ಅಂತ ಶುರುವಾದದ್ದು ಮಾಫಿಯಾ ಆಗಲು ಎಷ್ಟು ಹೊತ್ತು? ತಂಗಿ ಅಳುತ್ತಾ ತಲೆಯಾಡಿಸಿದಳು. ಖಮರ್ ಆಡಿಸಲಿಲ್ಲ.

ಕೋರ್ಟಿಗೆ ಹೋದರೆ ಜಿಯಾವುಲ್ಲಾನ ಜೊತೆಗಿದ್ದ ಅಮ್ಮ ಮುಖ ನೋಡುವುದಿಲ್ಲ. ಅದಕ್ಕೇ ಮಸೀದಿಯ ಕಮಿಟಿಗೆ ಹೋದಳು. ಹೆಂಗಸು ನೇರವಾಗಿ ಕಮಿಟಿಯ ಮುಂದೆ ಕೂರುವಂತಿಲ್ಲ, ಮನೆಯ ಗಂಡಸನ್ನು ಕಳಿಸಿ ಎಂದರು. ಗಂಡ ಇಲ್ಲ, ಮಗ ಇಲ್ಲ. ಇದ್ದ ಗಂಡಸು ಜಿಯಾವುಲ್ಲಾ. ಹೀಗೆ ಜಿಯಾವುಲ್ಲಾನ ಮೇಲಿನ ದೂರನ್ನು ಜಿಯಾವುಲ್ಲಾನೇ ಕಮಿಟಿಗೆ ಒಪ್ಪಿಸಬೇಕಾಯಿತು. ಅವನು ಒಪ್ಪಿಸಿದ್ದನೋ ಇಲ್ಲವೋ, ಉತ್ತರವನ್ನಂತೂ ಅವನೇ ತಂದ. “ಮನೆ ವಿಷಯ ಮನೇಲೇ ಮುಗಿಸ್ಕೊಳ್ಳಿ ಅಂದ್ರು ಆಪಾ.”

ಅವಳಿಗೆ ಬೇಕಿದ್ದದ್ದು ಒಂದೇ. ನಾಲ್ಕು ಜನರೆದುರು ತಮ್ಮನನ್ನು ನಿಲ್ಲಿಸಿ ಕೇಳಬೇಕು. ನಾಲ್ಕು ಜನರೆದುರು ‘ಕೊಡೋದಿಲ್ಲ’ ಅನ್ನುವಷ್ಟು ಗಟ್ಟಿಗನಲ್ಲ ಅವನು. ಮಗ್ಗಿ ಕಲಿಸಿದ ಅಕ್ಕನಿಗೆ ಅಷ್ಟು ಲೆಕ್ಕ ಗೊತ್ತಿತ್ತು.

“ಬರ್ತೀನಿ ಸಾರ್,” ಅಂದಳು. “ಆದ್ರೆ ಮಾತಾಡೋದು ಹೆಂಗಸರು ಮಾತ್ರ. ಗಂಡಸರು ಕೆಳಗೆ ಕೂತ್ಕೊಂಡು ಕೇಳ್ಬೇಕು.”

ಗೋಪೀನಾಥನ ಕಣ್ಣೆದುರು ಫ್ಲೆಕ್ಸ್ ತೂಗಾಡಿತು: ಮಹಿಳೆಯರಿಂದ, ಮಹಿಳೆಯರಿಗಾಗಿ, ಗೋಪೀನಾಥರ ಸಾರಥ್ಯದಲ್ಲಿ. “ಆಯ್ತು ಮೇಡಂ! ನೀವು ಅನ್ಯಾಯ ಇದೆ ಅನ್ನಿ. ಇಲ್ಲ ಅನ್ನೋಕೆ ನಮ್ಮ ಮನೆಯವಳನ್ನೇ ನಿಲ್ಲಿಸ್ತೀನಿ. ನನ್ನ ಎದುರು ವಾದ ಮಾಡಿ ಅವಳಿಗೆ ಒಳ್ಳೆ ಪ್ರಾಕ್ಟೀಸ್ ಇದೆ.”

ಸುದ್ದಿ ಮೂಡಲಪಾಳ್ಯ ಮುಟ್ಟಿತು. ಮಾರನೇ ದಿನವೇ ಜಿಯಾವುಲ್ಲಾ ಬಂದ.

“ಆಪಾ, ಅವರ ಸ್ಟೇಜ್ ಹತ್ತಿ ನಮ್ಮ ಮನೆ ಮಾನ ಹರಾಜು ಹಾಕ್ತೀಯಾ?”

“ನಿಮ್ಮ ಮಸೀದಿ ಮೆಟ್ಟಿಲು ಹತ್ತಿದ್ದೆ. ಇಳಿಸಿದ್ರಲ್ಲ.”

“ಅವ್ರಿಗೆ ನಿನ್ನ ಪಾಲು ಯಾಕೆ ಬೇಕು? ನಮ್ಮನ್ನ ಬಯ್ಯೋಕೆ ನೆಪ ಬೇಕು, ಅಷ್ಟೇ.”

ಅದು ಸುಳ್ಳಲ್ಲವೆಂದು ಖಮರ್‌ಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ನೆತ್ತಿಗೇರಿತು. “ಆ ನೆಪ ಕೊಟ್ಟೋನು ಯಾರೋ? ನಾನಾ, ನೀನಾ? ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಅಂತ ಕುರಾನಿನಲ್ಲೇ ಇದೆ. ಆ ಒಂದು-ಎರಡರ ಬಗ್ಗೆನೂ ನಂಗೆ ಜಗಳ ಇದೆ, ಅದು ಆಮೇಲಿನ ಮಾತು. ಆ ಒಂದನ್ನಾದ್ರೂ ಕೊಡೋ ಮೊದ್ಲು! ಗಡ್ಡ ಬಿಡೋವಾಗ ನೆನಪಾಗೋ ಧರ್ಮ ಪಾಲು ಬಿಡೋವಾಗ ಯಾಕೋ ಮರ್ತುಹೋಗುತ್ತೆ?”

ಜಿಯಾವುಲ್ಲಾ ಗಡ್ಡ ಸವರಿಕೊಂಡು ಹೊರಟ.

ಭಾನುವಾರ ಭವನ ತುಂಬಿತ್ತು. ಅಪರೂಪಕ್ಕೆ ಹೆಂಗಸರು ಮುಂದೆ, ಗಂಡಸರು ಹಿಂದೆ. ಏನು ಹೇಳಿಬಿಡುತ್ತಾಳೋ ಎಂಬ ಭಯಕ್ಕೆ ಜಿಯಾವುಲ್ಲಾನೂ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಖಮರ್ ಮೈಕು ಹಿಡಿದಳು. ಅಳಲಿಲ್ಲ. ಮಾಫಿಯ ಕಥೆ ಹೇಳಿದಳು, ಮಸೀದಿಯ ಮೆಟ್ಟಿಲ ಕಥೆ ಹೇಳಿದಳು. ಹಿಂದಿನ ಸಾಲಿನ ಗಂಡಸರು “ಛೆ, ಛೆ! ಏನ್ ಜನಾನಪ್ಪ!” ಎಂದು ಲೊಚಗುಟ್ಟಿದರು. ಎಲ್ಲರಿಗಿಂತ ಜೋರಾಗಿ ಲೊಚಗುಟ್ಟಿದವನು ಕಾರ್ಯದರ್ಶಿ ಕೆಂಪಯ್ಯ.

“ನನ್ನ ತಮ್ಮ ಇಲ್ಲೇ ಕೊನೆ ಸಾಲಲ್ಲಿದ್ದಾನೆ. ಎಲ್ಲರೆದುರಿಗೂ ಕೇಳ್ತೀನಿ. ಜಿಯಾ, ನನ್ನ ಪಾಲು ಕೊಡ್ತೀಯೇನೋ?”

ಕತ್ತುಗಳೆಲ್ಲ ಹಿಂದಕ್ಕೆ ತಿರುಗಿದವು. ಜಿಯಾವುಲ್ಲಾ ಎದ್ದು ನಿಂತ. ಮುಖ ಬೆವತಿತ್ತು. ಬಾಯಿ ತೆರೆದ.

“ತಡೀಯಮ್ಮ, ಒಸಿ ತಡಿ!” ಮುಂದಿನ ಸಾಲಿನಿಂದ ಮುನಿಲಕ್ಷ್ಮಮ್ಮ ಎದ್ದಳು. ಕೆಂಪಯ್ಯನ ಸ್ವಂತ ಅಕ್ಕ. “ಇದು ಬರೀ ನಿಮ್ಮೋರಲ್ಲೇನಾ? ನಂಗೂ ಇಂಗೇ ಆಯ್ತಲ್ಲ! ಸಾಬ್ರಲ್ಲಿ ಮಾಪು ಅಂತಾರೆ, ನಮ್ಮಲ್ಲಿ ಅರಿಸಿನ ಕುಂಕುಮ ಅಂತಾರೆ. ಒಂದು ಸೀರೆ ಮಡ್ಲಿಗಾಕಿ, ‘ಅಕ್ಕ, ಇಲ್ಲೊಂದು ಹೆಬ್ಬೆಟ್ಟು ಒತ್ತು’ ಅಂದ ಇವ್ನು. ಆ ಸೀರೆ ಒಂದು ಒಗೆತಕ್ಕೇ ಬಣ್ಣ ಬಿಡ್ತು ಕಣಮ್ಮ! ಈ ಭವನ ನಿಂತಿರೋದು ನಮ್ಮಪ್ಪನ ರಾಗಿ ಹೊಲ್ದಲ್ಲಿ!”

ಪಕ್ಕದಲ್ಲಿ ಯಶೋದಮ್ಮ “ನಂಗೂ ಸೀರೆನೇ” ಎಂದರು. ಹಿಂದಿನಿಂದ ಯಾರೋ “ನಂಗೆ ಅದೂ ಇಲ್ಲ” ಎಂದರು. ಇನ್ನೊಬ್ಬರು ಎದ್ದರು, ಮತ್ತೊಬ್ಬರು ಎದ್ದರು. ಚಾನೆಲ್ಲಿನವನ ಕ್ಯಾಮೆರಾ ಖಮರ್ ಮೇಲಿನಿಂದ ಕೆಂಪಯ್ಯನ ಮೇಲೆ ತಿರುಗಿತು. ಲೊಚಗುಟ್ಟುತ್ತಿದ್ದ ನಾಲಿಗೆಗಳೆಲ್ಲ ಅಂಗುಳಕ್ಕೆ ಅಂಟಿಕೊಂಡವು.

“ಅಧ್ಯಕ್ಷರೇ!” ಕೆಂಪಯ್ಯ ಕುರ್ಚಿ ಬೀಳುವಂತೆ ಎದ್ದ. “ಕ್ರಿಯಾಲೋಪ ಆಗ್ತಾ ಇದೆ! ಸಂಘದ ಬೈಲಾ ಪ್ರಕಾರ ಈ ಭವನದ ಸಭೇಲಿ ಸದಸ್ಯರು ಮಾತ್ರ ಮಾತಾಡ್ಬೇಕು. ಯಾರ ಹೆಸರಲ್ಲಿ ಮನೆ ಖಾತೆ ಇದೆಯೋ ಅವ್ರು ಸದಸ್ಯರು. ಜಂಟಿ ಖಾತೆ ಆದ್ರೆ ಮೊದಲ್ನೇ ಹೆಸರಿನೋರು ಮಾತ್ರ. ಅಕ್ಕ, ನಿನ್ನ ಹೆಸರಲ್ಲಿ ಖಾತೆ ಇದೆಯಾ?”

“ನನ್ನೆಸ್ರು ತೆಗೆಸ್ದೋನು ನೀನಲ್ವೇನೋ, ಮನೆಹಾಳ!”

“ಹಂಗಾದ್ರೆ ಕೂತ್ಕೋ.”

ಗೋಪೀನಾಥನ ಹೆಂಡತಿ ಪುಟ್ಟಲಕ್ಷ್ಮಿ ವೇದಿಕೆಯ ಮೇಲೇ ಎದ್ದು ನಿಂತಳು. “ರೀ, ನಾನು ಮಹಿಳಾ ಘಟಕದ ಅಧ್ಯಕ್ಷೆ ಕಣ್ರೀ!”

“ಅದು ಗೌರವಕ್ಕೆ ಕಣೇ,” ಎಂದ ಗೋಪೀನಾಥ ಮೆಲ್ಲಗೆ. ಅವನ ಜೇಬಿನಲ್ಲೂ ಇಬ್ಬರು ತಂಗಿಯರು ಬಿಟ್ಟುಕೊಟ್ಟ ಎರಡು ಸೈಟುಗಳಿದ್ದವು.

“ನಂದು ಒಬ್ಬಳದೇ ಖಾತೆ,” ಎಂದಳು ಖಮರ್. “ನನ್ನ ಸಂಬಳದ ಸಾಲದಲ್ಲಿ ನಾನೇ ಕಟ್ಟಿಸಿದ ಮನೆ. ನಾನು ಸದಸ್ಯೆ. ನಾನು ಮಾತಾಡ್ತೀನಿ.”

“ಧಾರಾಳವಾಗಿ ಮೇಡಂ,” ಕೆಂಪಯ್ಯ ಕೈಮುಗಿದ. “ಆದ್ರೆ ಇದು ಚರ್ಚೆ. ಎದುರು ವಾದಿಸೋಕೆ ಇನ್ನೊಬ್ಬ ಸದಸ್ಯರು ಬೇಕು. ಅದೂ ಹೆಂಗಸೇ ಆಗ್ಬೇಕು ಅಂತ ಷರತ್ತು ನಿಮ್ದೇ. ಇಡೀ ಬಡಾವಣೆಗೆ ಹೆಂಗಸು ಸದಸ್ಯರು ನೀವೊಬ್ರೇ. ಒಬ್ರೇ ಹೆಂಗ್ ಚರ್ಚೆ ಮಾಡ್ತೀರಾ?”

ಖಜಾಂಚಿ ಬಸಪ್ಪ ಮೈಕಿನ ಪ್ಲಗ್ಗು ಕಿತ್ತ. ಸಭೆ ಕಾಫಿಗೆ ವಿಸರ್ಜನೆಯಾಯಿತೆಂದು ಗೋಪೀನಾಥ ಬರಿಬಾಯಲ್ಲೇ ಘೋಷಿಸಿದ.

ಖಮರ್ ವೇದಿಕೆಯಿಂದ ಇಳಿಯಲಿಲ್ಲ. ಮೈಕಿಲ್ಲದಿದ್ದರೇನು, ದಿನವಿಡೀ ಎಂಟನೇ ಕ್ಲಾಸಿನ ಗಲಾಟೆ ಅಡಗಿಸುವ ಗಂಟಲು ಅದು. “ಜಿಯಾ! ಇವರ ಚರ್ಚೆ ಹಾಳಾಗ್ಲಿ. ಆಗ್ಲೇ ಬಾಯಿ ತೆಗ್ದಿದ್ದೆಯಲ್ಲ, ಉತ್ತರ ಹೇಳಿ ಹೋಗು. ಕೊಡ್ತೀಯಾ, ಇಲ್ವಾ?”

ಜಿಯಾವುಲ್ಲಾ ಕೆಂಪಯ್ಯನನ್ನು ನೋಡಿದ. ಕೆಂಪಯ್ಯ ಜಿಯಾವುಲ್ಲಾನನ್ನು ನೋಡಿದ. ಆವತ್ತಿನವರೆಗೆ ಒಬ್ಬರಿಗೊಬ್ಬರು ಗುರುತಿಲ್ಲದವರು ಒಂದೇ ಮನೆಯಲ್ಲಿ ಬೆಳೆದವರಂತೆ ಕಂಡರು. ಜಿಯಾವುಲ್ಲಾ ಮುಖದ ಬೆವರು ಒರೆಸಿಕೊಂಡ.

“ನಾನು ಇಲ್ಲಿ ಸದಸ್ಯನಲ್ಲ ಆಪಾ,” ಎಂದ. “ಮಾತಾಡಂಗಿಲ್ಲ.”