ಗ್ರಹಣದ ಲೋಟ

ಹಿಡಿಯ ಬುಡದಲ್ಲಿ ಒಂದು ಚೂರು ಎದ್ದುಹೋಗಿದೆ, ಮೆಕ್ಕೆಜೋಳದ ಕಾಳಿನ ತುದಿಯಷ್ಟು, ಅದೇ, ಅದೇ ಲೋಟ, ಬಿಳಿ ಪಿಂಗಾಣಿ, ನಡುವೆ ಕಪ್ಪು ವೃತ್ತ, ಸುತ್ತ ತೆಳ್ಳನೆ ಹಳದಿ ಉಂಗುರ, ಕೆಳಗೆ ತಾರೀಖು — ಒಡೆದುಹೋಯಿತು ಎಂದು ಹೆಂಡತಿ ಲವಾನ್ ಜನವರಿಯಲ್ಲಿ ಹೇಳಿದ ಲೋಟ ಈಗ ಪಾಸ್ಟರ್ ಟ್ರೆವರ್ ಕೈಯಲ್ಲಿ ಹಬೆಯಾಡುತ್ತಿದೆ, ಮತಗಟ್ಟೆಯಿಂದ ಇನ್ನೂರು ಅಡಿ ದೂರಕ್ಕೆ ಎಳೆದ ಸುಣ್ಣದ ಗೆರೆಯಾಚೆ ಅವನು ನಿಂತಿದ್ದಾನೆ, ಶಾಲಾ ಮಂಡಳಿಗೆ ಸ್ಪರ್ಧಿಸಿದವನು ಆ ಗೆರೆ ದಾಟಿ ಪ್ರಚಾರ ಮಾಡುವಂತಿಲ್ಲ, ಮತದಾನ ನಡೆಯುತ್ತಿರುವುದು ಅವನದೇ ಚರ್ಚಿನ ನೆಲಮಾಳಿಗೆಯಲ್ಲಾದರೂ. ಗುಡ್ ಮಾರ್ನಿಂಗ್ ಮೇಷ್ಟ್ರೇ, ಓಟು ಯಾರಿಗೆ ಅಂತ ಕೇಳಲ್ಲ, ಕಾಫಿ ಬೇಕಾ ಅಂತ ಮಾತ್ರ ಕೇಳ್ತೀನಿ. ಬೇಡಪ್ಪಾ, ಆಯ್ತು ನಂದು, ಎಂದು ಡೆಲ್ಮರ್ ಮುಂದೆ ನಡೆದಿದ್ದ, ನಾಲ್ಕು ಹೆಜ್ಜೆ ಇಟ್ಟ ಮೇಲೆ ತಿರುಗಿ ನೋಡಿದ್ದ, ನೋಡಬಾರದಿತ್ತು, ಆಗಲೇ ಆ ಮುಕ್ಕು ಕಂಡದ್ದು. ಮೂವತ್ತೆಂಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ, ಆಧಾರ ಎಲ್ಲಿ, ಆಧಾರ ತೋರಿಸು ಎಂದು ಹೇಳಿ ಹೇಳಿ ಅವರ ಜೀವ ತಿಂದ, ಈ ಟ್ರೆವರನ ಜೀವವನ್ನೂ ತಿಂದ — ಎರಡನೇ ಬೆಂಚು, ಕಿಟಕಿ ಪಕ್ಕ, ಕಪ್ಪೆ ಕೊಯ್ಯುವಾಗ ಕೈ ನಡುಗದ ಒಬ್ಬನೇ ಹುಡುಗ — ಆದರೆ ಎರಡು ಲೋಟವೂ ಕೈಜಾರಿ ಒಡೆದುಹೋದ್ವು ಡೆಲ್ ಎಂದು ಹೆಂಡತಿ ಅಂದಾಗ ಚೂರುಗಳೆಲ್ಲಿ ಎಂದು ಅವನು ಕೇಳಲಿಲ್ಲ, ಹೋಗ್ಲಿ ಬಿಡು, ಕಾಲಿಗೆ ಚುಚ್ಚೀತು ಅಂದ, ಪೆದ್ದ, ಒಟ್ಟಿಗೆ ಎರಡು ಲೋಟ ಯಾರ ಕೈಯಿಂದ ಜಾರುತ್ತವೆ?

ಸರತಿ ಕದಲುತ್ತಿಲ್ಲ, ಮೆಟ್ಟಿಲ ಮೇಲೆ ಮುಂದಿನವರ ಕೋಟುಗಳು, ಒದ್ದೆ ಉಣ್ಣೆಯ ವಾಸನೆ, ಕೆಳಗಿನಿಂದ ಕೊಲಾಚಿ ಬನ್ನಿನ ವಾಸನೆ, ಬೆಣ್ಣೆ, ಒಣ ಪ್ಲಮ್ಮಿನ ಹೂರಣ, ಅವನ ಅಮ್ಮ ಬೊಹೀಮಿಯಾದಿಂದ ಬಂದ ಅಜ್ಜಿಯಿಂದ ಕಲಿತು ಲವಾನಳಿಗೆ ಕಲಿಸಿದ್ದು, ಈಗ ಅದೂ ಚರ್ಚಿನ ತಟ್ಟೆಗೆ. ಏನ್ ಮೇಷ್ಟ್ರೇ, ನಮ್ಮ ಕಡೆ ಬಂದೇಬಿಟ್ರಲ್ಲ, ಚಾವಣಿ ಇನ್ನೂ ಬಿದ್ದಿಲ್ಲ ನೋಡಿ — ಹಿಂದಿನಿಂದ ನೆರೆಮನೆಯ ವೆರ್ನ್, ಮೊಣಕಾಲಿಗೆ ಲೋಹದ ಕೀಲು ಹಾಕಿದ ಡಾಕ್ಟರನ್ನು ಬಿಟ್ಟು ಯೇಸುವಿಗೆ ಥ್ಯಾಂಕ್ಸ್ ಹೇಳಿದ ವೆರ್ನ್. ಓಟು ಹಾಕೋಕೆ ಬಂದೆ ಮಾರಾಯ, ದೀಕ್ಷೆ ತಗೊಳ್ಳೋಕಲ್ಲ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಊರಿಗೆಲ್ಲ ಒಬ್ಬನೇ ನಾಸ್ತಿಕ, ಅವನೊಬ್ಬ ಇರಲಿ ಎಂದು ಪ್ರೀತಿಯಿಂದಲೇ ಸಾಕಿಕೊಂಡಿದ್ದಾರೆ. ಇದೇ ದೇಶ, ಧರ್ಮ ಬೇರೆ ಸರ್ಕಾರ ಬೇರೆ ಎಂದು ಬರೆದಿಟ್ಟುಕೊಂಡು ಶಿಲುಬೆಯ ಕೆಳಗೆ ಮತಪೆಟ್ಟಿಗೆ ಇಡುತ್ತದೆ, ಗೋಡೆಯ ಮೇಲೆ ಚರ್ಚಿನ ಭಾನುವಾರದ ಶಾಲೆಯ ಮಕ್ಕಳು ಬರೆದ ನೋಹನ ಹಡಗು, ಅದರಲ್ಲಿ ಜಿರಾಫೆಯ ಪಕ್ಕ ಜೋಡಿ ಡೈನೋಸಾರ್, ಖುಷಿಯಾಗಿವೆ, ಕೈ ಬೀಸುತ್ತಿವೆ, ಉಪಗ್ರಹದ ಚಿತ್ರ ನೋಡಿ ಚರ್ಚಿನ ಪಿಕ್ನಿಕ್ಕಿಗೆ ದಿನ ಗೊತ್ತುಮಾಡುವ ಜನವೇ ಭೂಮಿಗೆ ಆರು ಸಾವಿರ ವರ್ಷ ಅನ್ನುತ್ತಾರೆ, ಪಠ್ಯದಲ್ಲಿ ಎರಡೂ ಕಡೆಯದು ಇರಲಿ ಬಿಡಿ ಮೇಷ್ಟ್ರೇ, ಮಕ್ಕಳೇ ಆರಿಸ್ಕೊಳ್ಳಲಿ ಅನ್ನುತ್ತಾನೆ ಟ್ರೆವರ್, ಎಷ್ಟು ಮೆತ್ತಗೆ ಅನ್ನುತ್ತಾನೆ, ಸಿಟ್ಟು ಬರುವ ಹಾಗೂ ಅನ್ನುವುದಿಲ್ಲ. ಗಂಡಹೆಂಡಿರ ಮನೆ ಮುಂದಿನ ಹುಲ್ಲಿನ ಮೇಲೆ ಎರಡು ಪ್ರಚಾರ ಫಲಕ, ಎಡಕ್ಕೆ ಲವಾನ್ ನೆಟ್ಟ ಟ್ರೆವರ್, ಬಲಕ್ಕೆ ಇವನು ನೆಟ್ಟ ಟ್ರೆವರನ ಎದುರಾಳಿ, ನಡುವೆ ಹುಲ್ಲು ಕತ್ತರಿಸುವ ಯಂತ್ರ ಓಡುತ್ತದೆ. ಅದೆಲ್ಲ ತಡೆಯಬಲ್ಲ, ಹುಸಿ ವಿಜ್ಞಾನ, ಚುನಾವಣೆ, ಡೈನೋಸಾರ್, ಎಲ್ಲದಕ್ಕೂ ಅವನ ಹತ್ತಿರ ಉತ್ತರವಿದೆ, ಆದರೆ ಆ ಲೋಟ, ಆ ಲೋಟವನ್ನು ಅವಳೇ ಕೊಟ್ಟಳೇ, ತನ್ನ ಕೈಯಾರೆ ತುಂಬಿಸಿ ಕೊಟ್ಟಳೇ, ಹೊಟ್ಟೆ ಉರಿಯುತ್ತದೆ, ಅರವತ್ತೆಂಟರ ವಯಸ್ಸಿಗೆ ಹೈಸ್ಕೂಲು ಹುಡುಗನ ಹಾಗೆ, ಛೆ.

ಹೋದ ವರ್ಷ ಆಗಸ್ಟ್, ಹೆದ್ದಾರಿಯ ಪಕ್ಕದ ಹೊಲ, ಎರಡೂವರೆ ನಿಮಿಷದ ಪೂರ್ಣಗ್ರಹಣ, ಜೀವನವೆಲ್ಲ ಕಾದಿದ್ದ, ಸೂರ್ಯ ಚಂದ್ರನಿಗಿಂತ ನಾನೂರು ಪಟ್ಟು ದೊಡ್ಡವನು, ನಾನೂರು ಪಟ್ಟು ದೂರ, ಅದಕ್ಕೇ ಸರಿಯಾಗಿ ಮುಚ್ಚಿಕೊಳ್ಳೋದು ಎಂದು ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದ್ದ, ಕತ್ತಲಾಯಿತು, ಜೀರುಂಡೆ ಕೂಗತೊಡಗಿದವು, ಡೆಲ್, ಡೆಲ್ ಎಂದು ಅವಳು ಅವನ ತೋಳು ಹಿಡಿದಳು, ಉಗುರು ನೆಟ್ಟಿತು, ಅವಳ ಮುಖ ಮೇಲೆತ್ತಿತ್ತು, ಕಣ್ಣೀರು ಇಳಿಯುತ್ತಿತ್ತು, ಎರಡೂವರೆ ನಿಮಿಷದಲ್ಲಿ ಅರ್ಧವನ್ನು ಅವನು ಆ ಮುಖ ನೋಡುವುದರಲ್ಲೇ ಕಳೆದ, ಯಾರಿಗೂ ಹೇಳಲಿಲ್ಲ. ಆಮೇಲೆ ಲೋಟ ಕೊಂಡರು, ಎರಡು, ಕಾರಿನ ಬಾಗಿಲಿಗೆ ತನ್ನದನ್ನು ತಾಗಿಸಿ ಮುಕ್ಕು ಮಾಡಿಕೊಂಡ, ಇನ್ನು ಯಾವುದು ಯಾರದು ಅನ್ನೋ ಜಗಳ ಇಲ್ಲ ಎಂದು ಅವಳು ನಕ್ಕಳು. ಡಿಸೆಂಬರಿನಲ್ಲಿ ಅವಳ ತಂಗಿ ಡಾರ್ಲಾ ತೀರಿಹೋದಳು, ಈಗ ಎಲ್ಲಿದ್ದಾಳೆ ಡೆಲ್, ಎಂದು ಅಡುಗೆಮನೆಯಲ್ಲಿ ಕೇಳಿದಳು, ಇಂಗಾಲ, ನೀರು, ಏನೂ ನಾಶವಾಗೋದಿಲ್ಲ, ಎಲ್ಲ ಮಣ್ಣಲ್ಲಿ ಸೇರಿ ಮತ್ತೆ ಏನೋ ಆಗುತ್ತೆ — ಹೇಳಿದ, ಒಂದು ಮಾತೂ ತಪ್ಪಿಲ್ಲ, ಅವಳು ಎದ್ದು ನಲ್ಲಿ ತಿರುಗಿಸಿದಳು. ಮರುದಿನ ಟ್ರೆವರ್ ಬಂದ, ಅದೇ ಕುರ್ಚಿಯಲ್ಲಿ ಕೂತ, ಅವನಾದರೂ ಏನು ಹೇಳಿದ, ಏನೂ ಇಲ್ಲ, ಒಂದು ಗಂಟೆ ಸುಮ್ಮನೆ ಕೂತು ಎರಡು ಕೊಲಾಚಿ ತಿಂದು ಹೋದ, ಅವಳು ಒಂದು ಗಂಟೆ ಅತ್ತಳು, ಅವನೆದುರು, ಗಂಡನೆದುರು ಅಲ್ಲ. ಈಸ್ಟರಿನಂದು ಅವಳನ್ನು ಕರೆತರಲು ಹೋಗಿ ಕಾರಿನಲ್ಲೇ ಕೂತಿದ್ದಾಗ ಚರ್ಚಿನ ಕಿಟಕಿಯಲ್ಲಿ ಕಂಡಿತು, ಹಾಡುತ್ತಿದ್ದಾಳೆ, ಕಣ್ಣು ಮುಚ್ಚಿದ್ದಾಳೆ, ಮುಖ ಮೇಲೆತ್ತಿದೆ, ಅದೇ ಮುಖ, ಹೊಲದ್ದು, ತನಗೊಬ್ಬನಿಗೇ ಎಂದುಕೊಂಡಿದ್ದು. ಇಲ್ಲದ ದೇವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ, ಅವನು ಪಟ್ಟ.

ಕೊನೆಯ ಮೆಟ್ಟಿಲು, ಮೇಜು, ಮೇಜಿನ ಹಿಂದೆ ಕನ್ನಡಕ ಏರಿಸಿಕೊಂಡು ಲವಾನ್, ಎದೆಯ ಮೇಲೆ ಚುನಾವಣಾ ಸಿಬ್ಬಂದಿಯ ಚೀಟಿ. ಹೆಸರು ಹೇಳಿ. ಮದುವೆಯಾಗಿ ನಲವತ್ತೊಂದು ವರ್ಷವಾದ ಹೆಂಡತಿ. ನನ್ನ ಲೋಟ ಅವನ ಕೈಗೆ ಹೇಗೆ ಹೋಯ್ತು? ಹೆಸರು ಹೇಳು ಡೆಲ್, ನಿಯಮ, ಹಿಂದೆ ಜನ ಇದ್ದಾರೆ. ಡೆಲ್ಮರ್ ಹ್ರುಸ್ಕಾ. ವಿಳಾಸ? ನಿನ್ನ ಮನೆಯೇ, ಇನ್ನೂ ಅಲ್ಲೇ ಇದೀನಿ. ವೆರ್ನ್ ಹಿಂದೆ ಕಿಸಕ್ಕೆಂದ, ಅವಳು ನಗಲಿಲ್ಲ, ವಿಳಾಸ ಹೇಳು, ಹೇಳಿದ, ಅವಳು ಪುಸ್ತಕದಲ್ಲಿ ಬೆರಳಾಡಿಸಿದಳು, ಇಲ್ಲಿ ಸಹಿ ಹಾಕು. ಒಡೆದುಹೋಯ್ತು ಅಂದಿದ್ದೆ ನೀನು. ಚರ್ಚಿಗೆ ಒಯ್ತೀನಿ ಅಂದಿದ್ರೆ ಬಿಡ್ತಿದ್ಯಾ, ಎಂದಳು, ದನಿ ತಗ್ಗಿತ್ತು, ತಲೆ ಎತ್ತಲಿಲ್ಲ, ಹತ್ತು ತಿಂಗಳಿಂದ ಅಲ್ಲೇ ನೇತಾಡ್ತಿತ್ತು, ಯಾರಿಗೂ ಮುಟ್ಟೋಕೆ ಬಿಟ್ಟಿರ್ಲಿಲ್ಲ, ಈ ಬೆಳಿಗ್ಗೆ ಲೋಟ ಸಾಲದೇ ಹೋಯ್ತು, ಚಳಿಯಲ್ಲಿ ಹೊರಗೆ ನಿಂತಿದ್ದ ಅವನು, ಧೂಳು ತೊಳೆದು ನಾನೇ ಕೊಟ್ಟೆ. ಎಲ್ಲಿ ನೇತಾಡ್ತಿತ್ತು? ಅವಳು ಪೆನ್ನಿನ ತುದಿಯಿಂದ ಹಿಂದಕ್ಕೆ ತೋರಿಸಿದಳು, ಅಡುಗೆಕೋಣೆಯ ಗೋಡೆಗೆ ಉದ್ದನೆಯ ಹಲಗೆ, ಸಾಲಾಗಿ ಮರದ ಗೂಟಗಳು, ಚರ್ಚಿಗೆ ಬರುವವರ ಲೋಟಗಳು, ಒಂದೊಂದರ ಕೆಳಗೂ ಅಂಟುಪಟ್ಟಿಯ ಮೇಲೆ ಹೆಸರು, ಲವಾನ್, ಅವಳ ಕಪ್ಪು ವೃತ್ತ, ಹಳದಿ ಉಂಗುರ, ಅದರ ಪಕ್ಕದ್ದು —

ಮುಂದೆ ಹೋಗಿ ಮೇಷ್ಟ್ರೇ, ಎಂದ ವೆರ್ನ್. ಮತಪತ್ರ ಹಿಡಿದು ಹೋದ, ಮರೆಯ ಹಿಂದೆ ನಿಂತ, ಶಾಲಾ ಮಂಡಳಿ, ಒಬ್ಬರಿಗೆ ಮಾತ್ರ ಮತ ನೀಡಿ, ಎರಡು ಹೆಸರು, ಎರಡು ಪುಟ್ಟ ಖಾಲಿ ವೃತ್ತ, ಒಂದನ್ನು ಕಪ್ಪು ಮಾಡಬೇಕು, ಯಾವುದು ಎಂದು ಅವನಿಗೆ ಗೊತ್ತು, ಎಂದೋ ಗೊತ್ತು, ಆದರೆ ನಿನ್ನೆ ಬಂದಿದ್ದರೆ, ಈಸ್ಟರಿನಂದು ಕಾರಿನಿಂದ ಇಳಿದಿದ್ದರೆ, ನಂಬಬೇಕಿರಲಿಲ್ಲ, ಹಾಡಬೇಕಿರಲಿಲ್ಲ, ಕಾಫಿ ಕುಡಿಯಬಹುದಿತ್ತು, ಅವಳು ಹತ್ತು ತಿಂಗಳು ಬಾಯಿಬಿಟ್ಟು ಕರೆಯಲಿಲ್ಲ, ಇವನು ಹೋಗಲಿಲ್ಲ, ಪೆನ್ನು ಕಾಗದಕ್ಕೆ ತಾಗಿದೆ, ಹೊರಗೆ ಟ್ರೆವರ್ ಕುಡಿಯುತ್ತಿದ್ದಾನೆ, ಇನ್ನೂ ಬಿಸಿ ಇರಬೇಕು — ಅವಳ ಲೋಟ, ಅದರ ಪಕ್ಕದ್ದು ಖಾಲಿ ಗೂಟ, ಅದರ ಕೆಳಗೆ ಅಂಚು ಮಾಸಿದ ಪಟ್ಟಿ, ಪಟ್ಟಿಯ ಮೇಲೆ ಅವಳ ದುಂಡು ಅಕ್ಷರ, ಡೆಲ್, ಖಾಲಿ ಗೂಟ, ಡೆಲ್, ಖಾಲಿ ಗೂಟ